ಹತ್ತನೇ ಸಲ ಕೇಳಿದ ಪ್ರಶ್ನೆ

ಹೇಮಂತ್ ಎಂ. ರಾವ್ ನಿರ್ದೇಶನದ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' 2016ರಲ್ಲಿ ಬಿಡುಗಡೆಯಾದಾಗ ನಾನು ಪದವಿ ಓದುತ್ತಿದ್ದೆ. ಹಾಸ್ಟೆಲಿನ ನಾಲ್ಕು ಜನ ಹುಡುಗಿಯರು ಹೋಗಿ ನೋಡಿ, ಕಣ್ಣೊರೆಸಿಕೊಂಡು ಬಂದಿದ್ದೆವು. ಕಾಣೆಯಾದವರ ಜಾಹೀರಾತಿನ ಒಣ ಭಾಷೆಯನ್ನೇ ಶೀರ್ಷಿಕೆ ಮಾಡಿಕೊಂಡ ಜಾಣ್ಮೆಯ ಬಗ್ಗೆ, ಅನಂತ್ ನಾಗ್ ಅವರ ವೆಂಕೋಬ್ ರಾವ್ ಬಗ್ಗೆ ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತಾಡಿದ್ದು ನೆನಪಿದೆ.

ಅದೇ ಸಿನಿಮಾವನ್ನು ಆರು ವರ್ಷದ ನಂತರ ಮನೆಯಲ್ಲಿ ಅಪ್ಪನ ಜೊತೆ ಕೂತು ಮತ್ತೆ ನೋಡಿದೆ. ಆ ಹೊತ್ತಿಗೆ ಅಮ್ಮನಿಗೆ ಆಲ್ಝೈಮರ್ ಎಂದು ಗೊತ್ತಾಗಿ ಎರಡು ವರ್ಷವಾಗಿತ್ತು. ಗೊತ್ತಾದಾಗ ಅವಳಿಗೆ ಐವತ್ತಮೂರು. ಸಿನಿಮಾ ಅರ್ಧ ಮುಗಿಯುವಷ್ಟರಲ್ಲಿ ಅಮ್ಮ ಒಳಗಿನಿಂದ ಏಳೆಂಟು ಸಲ ಎದ್ದು ಬಂದು, "ರೀ, ಮನೆಗೆ ಹೋಗೋಣ್ವಾ?" ಎಂದು ಕೇಳಿದಳು. ನಾವು ಕೂತಿದ್ದದ್ದು ಮನೆಯಲ್ಲೇ. ಇಪ್ಪತ್ತೆರಡು ವರ್ಷದಿಂದ ಅವಳೇ ಸಾರಿಸಿ ಗುಡಿಸಿದ ಮನೆ. ಪ್ರತಿ ಸಲವೂ ಅಪ್ಪ ಸಿನಿಮಾ ನಿಲ್ಲಿಸಿ, ಅವಳಿಗೆ ಒಂದು ಉತ್ತರ ಕೊಟ್ಟು, ಒಳಗೆ ಕೂರಿಸಿ ಬಂದು ಮತ್ತೆ ಶುರು ಮಾಡುತ್ತಿದ್ದರು. ಇಂಟರ್ವಲ್ ದಾಟಿದ ಮೇಲೆ ಅವರು ಟಿವಿ ಆರಿಸಿ, "ಪರವಾಗಿಲ್ಲ, ಚೆನ್ನಾಗಿದೆ. ಆದರೆ ಇವರ ಮನೇಲಿ ಯಾರೂ ಇಲ್ವಲ್ಲ" ಎಂದರು.

ನಾನು ಸಾಹಿತ್ಯದ ಸಂಶೋಧನಾ ವಿದ್ಯಾರ್ಥಿನಿ. ಅಪ್ಪ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರು. ಆ ಸಿನಿಮಾದ ಬಗ್ಗೆ ನಾನು ಓದಿದ ಯಾವ ವಿಮರ್ಶೆಯೂ ಅವರ ಆ ಒಂದು ಮಾತು ಹೇಳಿದ್ದನ್ನು ಹೇಳಿರಲಿಲ್ಲ. ಈ ಬರಹ ಆ ಮಾತಿನ ಬೆನ್ನು ಹತ್ತಿ ಹೋದದ್ದು. ಮರೆವಿನ ಕಾಯಿಲೆಯ ಬಗ್ಗೆ, ಅದರಲ್ಲೂ ನಡುವಯಸ್ಸಿನಲ್ಲಿ ಬರುವ ಆಲ್ಝೈಮರ್ ಬಗ್ಗೆ ಬಂದ ಕೆಲವು ಕೃತಿಗಳನ್ನು ಇಟ್ಟುಕೊಂಡು, ಅವುಗಳಲ್ಲಿ ಮನೆ ಎಲ್ಲಿದೆ ಎಂದು ಕೇಳಿಕೊಳ್ಳುವುದು ನನ್ನ ಉದ್ದೇಶ.

*

ಮೊದಲು ನಮ್ಮ ಭಾಷೆಯಿಂದಲೇ ಶುರು ಮಾಡಬೇಕು. ಅರವತ್ತಕ್ಕೆ ಅರಳು ಮರಳು ಎಂಬುದು ಎಲ್ಲರ ಬಾಯಲ್ಲಿರುವ ಗಾದೆ. ಅದರಲ್ಲಿ ಕ್ರೌರ್ಯವಿಲ್ಲ, ಒಂದು ಥರದ ರಿಯಾಯಿತಿ ಇದೆ. ಅರವತ್ತಾದವರು ಒಂದೇ ಮಾತನ್ನು ನಾಲ್ಕು ಸಲ ಆಡಿದರೆ, ಚಪ್ಪಲಿ ತಂದು ದೇವರ ಮನೆಯಲ್ಲಿಟ್ಟರೆ, ಮನೆಯವರು ನಕ್ಕು ಸುಮ್ಮನಾಗಬಹುದು. ಆ ರಿಯಾಯಿತಿಗೆ ವಯಸ್ಸಿನ ಮಿತಿ ಇದೆ ಎಂಬುದು ನಮಗೆ ಗೊತ್ತಾದದ್ದು ಅಮ್ಮನಿಂದ. ಐವತ್ತೊಂದಕ್ಕೆ ಅವಳು ತರಗತಿಯಲ್ಲಿ ಹಾಜರಿ ಕೂಗುವಾಗ ಹೋದ ವರ್ಷದ ಮಕ್ಕಳ ಹೆಸರು ಕೂಗಿದಳು. ಸಾರಿಗೆ ಎರಡೆರಡು ಸಲ ಉಪ್ಪು ಹಾಕಿದಳು, ನೀರಿಲ್ಲದೆ ಕುಕ್ಕರ್ ಇಟ್ಟಳು. ಆಗ ಅದಕ್ಕೆ ಸಿಕ್ಕ ಹೆಸರುಗಳು ಬೇರೆ: ಸೋಮಾರಿತನ, ಗಮನವಿಲ್ಲ, ಮುಟ್ಟು ನಿಲ್ಲುವ ಕಾಲದ ಕಿರಿಕಿರಿ, ಮಗಳ ಮದುವೆಯ ಚಿಂತೆ. ಒಬ್ಬ ಡಾಕ್ಟರು ಖಿನ್ನತೆ ಎಂದು ಒಂದೂವರೆ ವರ್ಷ ಮಾತ್ರೆ ಕೊಟ್ಟರು. ಸ್ಕ್ಯಾನ್, ಪರೀಕ್ಷೆಗಳೆಲ್ಲ ಮುಗಿದು ಕಾಯಿಲೆಯ ಹೆಸರು ಹೊರಬಿದ್ದ ಮೇಲೂ ದೊಡ್ಡಮ್ಮ ಅಂದದ್ದು, "ಅಯ್ಯೋ, ಅರವತ್ತಕ್ಕೆ ಅಲ್ವಾ ಅದು? ಇವಳಿಗೆ ಇನ್ನೂ ಕೂದಲೇ ನೆರೆತಿಲ್ಲ."

ದೊಡ್ಡಮ್ಮನನ್ನು ದೂರುವಂತಿಲ್ಲ. ದೇಶದ ಲೆಕ್ಕವೂ ಆ ಗಾದೆಯ ಹಾಗೇ ಇದೆ. ಭಾರತದಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಹಿರಿಯರಿಗೆ ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಅಂದಾಜಿಸಿತು. ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದ ಆ ಅಂಕಿ ಅರವತ್ತು ದಾಟಿದವರದ್ದು ಮಾತ್ರ. ಅಮ್ಮ ಅದರಲ್ಲಿ ಇಲ್ಲ. ಡಿಮೆನ್ಷಿಯಾ ಪ್ರಕರಣಗಳಲ್ಲಿ ಶೇ. 9ರವರೆಗೆ ಅರವತ್ತೈದರೊಳಗೆ ಕಾಣಿಸಿಕೊಳ್ಳುವಂಥವು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇವರು ಇನ್ನೂ ಸಂಬಳ ತರುತ್ತಿರುವವರು, ಸಾಲದ ಕಂತು ಕಟ್ಟುತ್ತಿರುವವರು, ಮಕ್ಕಳ ಫೀಸು ಕಟ್ಟಬೇಕಾದವರು. ಮೈಯಲ್ಲಿ ಕಸುವಿದೆ, ಬಾಗಿಲು ತೆರೆದಿದ್ದರೆ ಐದು ಕಿಲೋಮೀಟರು ನಡೆದು ಹೋಗಬಲ್ಲರು. ಹಾಗಾಗಿ ಇಲ್ಲಿ ಮರೆವು ಒಬ್ಬರ ತಲೆಯೊಳಗೆ ನಡೆಯುವ ಸಂಗತಿಯಾಗಿ ಉಳಿಯುವುದಿಲ್ಲ. ಮನೆಯ ಲೆಕ್ಕಾಚಾರವೇ ತಲೆಕೆಳಗಾಗುತ್ತದೆ.

ವಿಚಿತ್ರವೆಂದರೆ ಈ ಕಾಯಿಲೆಯ ಚರಿತ್ರೆ ಶುರುವಾಗುವುದೇ ಅರವತ್ತಾಗದ ಹೆಂಗಸೊಬ್ಬಳಿಂದ. 1901ರ ನವೆಂಬರಿನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನ ಮಾನಸಿಕ ಆಸ್ಪತ್ರೆಗೆ ಆಗುಸ್ಟೆ ಡೆಟರ್ ಎಂಬಾಕೆ ದಾಖಲಾದಾಗ ಆಕೆಗೆ ಐವತ್ತೊಂದು. ಗಂಡ ರೈಲ್ವೆ ಗುಮಾಸ್ತ. ಆಕೆಯನ್ನು ಪರೀಕ್ಷಿಸಿದ ಅಲೋಯಿಸ್ ಆಲ್ಝೈಮರ್, 1906ರಲ್ಲಿ ಆಕೆ ತೀರಿಕೊಂಡ ಮೇಲೆ ಮೆದುಳನ್ನು ಸೂಕ್ಷ್ಮದರ್ಶಕದಡಿ ನೋಡಿ, ಅದೇ ವರ್ಷದ ನವೆಂಬರಿನಲ್ಲಿ ಟ್ಯೂಬಿಂಗೆನ್‌ನ ಸಭೆಯಲ್ಲಿ ವರದಿ ಮಾಡಿದರು. 1910ರಲ್ಲಿ ಕ್ರೇಪೆಲಿನ್ ತಮ್ಮ ಪಠ್ಯಪುಸ್ತಕದಲ್ಲಿ ಆ ಕಾಯಿಲೆಗೆ ಆಲ್ಝೈಮರ್ ಹೆಸರಿಟ್ಟರು. ಮುಂದೆ ಹಲವು ದಶಕಗಳ ಕಾಲ ಆ ಹೆಸರು ಮುಪ್ಪಿಗೆ ಮುಂಚೆ ಬರುವ ಮರೆವಿಗಷ್ಟೇ ಮೀಸಲಾಗಿತ್ತು. ವಯಸ್ಸಾದವರಲ್ಲಿ ಕಾಣುವ ಮರೆವೂ ಬಹುಮಟ್ಟಿಗೆ ಅದೇ ಕಾಯಿಲೆ ಎಂಬ ಅಭಿಪ್ರಾಯ ಬಲವಾದದ್ದು 1970ರ ದಶಕದಲ್ಲಿ. ಆಮೇಲೆ ಹೆಸರು ಮುದುಕರ ಪಾಲಾಯಿತು, ಆಗುಸ್ಟೆಯಂಥವರು ಅಪವಾದವಾದರು.

ಆಗುಸ್ಟೆಯ ಕಡತ ದಶಕಗಳ ಕಾಲ ಕಳೆದುಹೋಗಿ, 1995ರಲ್ಲಿ ಸಿಕ್ಕಿ, 1997ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದನ್ನು ರೋಗದ ವರದಿಯಾಗಿ ಅಲ್ಲ, ಒಂದು ಪಠ್ಯವಾಗಿ ಓದಿದರೆ ಮೊದಲು ಕೇಳಿಸುವುದು ಗಂಡನ ದನಿ. ಹೆಂಡತಿಗೆ ತನ್ನ ಮೇಲೆ ಸಂಶಯ ಶುರುವಾಯಿತು, ಮರೆವು ಹೆಚ್ಚಿತು, ಅಡುಗೆ ಕೆಡಿಸತೊಡಗಿದಳು, ಮನೆಯಲ್ಲಿ ಸುಮ್ಮನೆ ಅತ್ತಿಂದಿತ್ತ ಓಡಾಡುತ್ತಾಳೆ, ಸಾಮಾನು ಬಚ್ಚಿಡುತ್ತಾಳೆ. ಇವು ಆಸ್ಪತ್ರೆ ಸೇರುವ ಮುಂಚಿನ ತಿಂಗಳುಗಳ ಸಂಗತಿಗಳು. ನಂತರ ಡಾಕ್ಟರರ ಪ್ರಶ್ನೋತ್ತರ ಬರುತ್ತದೆ. ನಿಮ್ಮ ಹೆಸರೇನು ಎಂದರೆ ಆಗುಸ್ಟೆ. ಗಂಡನ ಹೆಸರೇನು ಎಂದರೂ ಆಗುಸ್ಟೆ. ಊಟಕ್ಕೆ ಹೂಕೋಸು, ಹಂದಿಮಾಂಸ ತಿನ್ನುತ್ತಿರುವಾಗ ಏನು ತಿನ್ನುತ್ತಿದ್ದೀರಿ ಎಂದು ಕೇಳಿದರೆ ಪಾಲಕ್ ಸೊಪ್ಪು ಎನ್ನುತ್ತಾಳೆ. ಕೊನೆಗೆ ಮೆದುಳಿನ ತೆಳು ಚೂರುಗಳು, ಗಾಜಿನ ಪಟ್ಟಿ.

ಅಡುಗೆಮನೆಯಿಂದ ಆಸ್ಪತ್ರೆಯ ಹಾಸಿಗೆಗೆ, ಹಾಸಿಗೆಯಿಂದ ಸೂಕ್ಷ್ಮದರ್ಶಕಕ್ಕೆ. ಈ ಕಾಯಿಲೆಯ ಮೊದಲ ಬರಹ ಹೀಗೆ ಸಾಗಿತು. ಹಾಗೆ ಸಾಗುವಾಗ ಕೈಬಿಟ್ಟದ್ದು ಆ ಗುಮಾಸ್ತನ ಮನೆಯನ್ನು. ಕೆಟ್ಟ ಅಡುಗೆಯನ್ನು ಆತ ಊಟ ಮಾಡಿದನೋ ಚೆಲ್ಲಿದನೋ, ಬಚ್ಚಿಟ್ಟ ಸಾಮಾನು ಹುಡುಕಲು ಎಷ್ಟು ಹೊತ್ತು ಹಿಡಿಯುತ್ತಿತ್ತೋ, ಸಂಶಯದ ಮಾತಿಗೆ ಏನು ಉತ್ತರ ಕೊಟ್ಟನೋ ಕಡತಕ್ಕೆ ಬೇಕಿರಲಿಲ್ಲ. ಆಮೇಲೆ ಬಂದ ಕಥೆಗಳಿಗೂ ಅದು ಅಷ್ಟಾಗಿ ಬೇಕಾಗಲಿಲ್ಲ ಎಂಬುದು ನನ್ನ ಅನುಮಾನ.

*

ನಮ್ಮ ಮನೆಯ ಒಂದು ಸಂಜೆಯನ್ನು ಹೇಳಿದರೆ ನನ್ನ ಅನುಮಾನ ಎಲ್ಲಿಂದ ಹುಟ್ಟಿತು ಎಂಬುದು ತಿಳಿಯುತ್ತದೆ. ಐದು ಗಂಟೆಗೆ ಶಾಲೆ ಬಿಡುವ ಹೊತ್ತಿಗೆ ಅಮ್ಮನಿಗೆ ಚಡಪಡಿಕೆ ಶುರುವಾಗುತ್ತದೆ. ವ್ಯಾನಿಟಿ ಬ್ಯಾಗು ಹೆಗಲಿಗೇರಿಸಿ ಬಾಗಿಲ ಹತ್ತಿರ ನಿಲ್ಲುತ್ತಾಳೆ. "ರೀ, ಮನೆಗೆ ಹೋಗೋಣ್ವಾ?" ಅಪ್ಪ: "ಹಾಲು ಕಾಯ್ಲಿ, ಹೋಗೋಣ." ಎರಡು ನಿಮಿಷಕ್ಕೆ ಮತ್ತೆ. "ಬಟ್ಟೆ ಮಡಚಿ ಹೋಗೋಣ." ಮತ್ತೆ. "ಮಳೆ ಬರೋ ಹಾಗಿದೆ, ನಿಲ್ಲಲಿ." ಮತ್ತೆ. "ನೀರು ಬಿಡ್ತಾರೆ, ತುಂಬಿಸ್ಕೊಂಡು ಹೋಗೋಣ." ಮೊದಲ ಮೂರು ಉತ್ತರಗಳು ಅಕ್ಕರೆಯವು. ಆರನೆಯದರಲ್ಲಿ ದನಿ ಬಿಗಿಯುತ್ತದೆ. ಎಂಟನೆಯದಕ್ಕೆ ಅಪ್ಪ ಉತ್ತರ ಕೊಡದೆ ಹಿತ್ತಲಿಗೆ ಹೋಗಿ ನಿಲ್ಲುತ್ತಾರೆ. ಹತ್ತನೆಯ ಸಲ ಅವರೇ ವಾಪಸು ಬಂದು, ಮೊದಲನೆಯ ಸಲ ಕೇಳಿದವರ ಹಾಗೆ, "ಏನಂದೆ?" ಎನ್ನುತ್ತಾರೆ.

ಎಂಟನೆಯದಕ್ಕೂ ಹತ್ತನೆಯದಕ್ಕೂ ನಡುವೆ, ಹಿತ್ತಲಿನಲ್ಲಿ ಆ ಮನುಷ್ಯನಿಗೆ ಏನಾಗುತ್ತದೆ ಎಂಬುದೇ ನನ್ನ ಪ್ರಕಾರ ಈ ಕಾಯಿಲೆಯ ಕಥೆಯ ತಿರುಳು. ಆದ್ದರಿಂದ ಈಗ ಮರೆವಿನ ಕುರಿತ ಯಾವ ಕೃತಿಯನ್ನು ಕಂಡರೂ ನಾನು ಒಂದೇ ಮಾತು ಕೇಳುತ್ತೇನೆ: ಇದು ಹತ್ತನೇ ಸಲ ಕೇಳಿದ ಪ್ರಶ್ನೆಯನ್ನು ಏನು ಮಾಡುತ್ತದೆ?

'ಗೋಧಿ ಬಣ್ಣ...' ಅದನ್ನು ಮನೆಯಿಂದ ಹೊರಗೆ ಕಳಿಸುತ್ತದೆ. ವೆಂಕೋಬ್ ರಾವ್ ಆರೈಕೆ ಕೇಂದ್ರದಲ್ಲಿದ್ದಾರೆ, ಮಗ ಬಂದು ಕರೆದೊಯ್ದ ದಿನ ತಪ್ಪಿಸಿಕೊಳ್ಳುತ್ತಾರೆ, ಉಳಿದದ್ದು ಹುಡುಕಾಟ. ಅವರ ಮಾತು, ಅವರ ಹಳೆಯ ಪ್ರೀತಿಯ ಕಥೆ, ಅವರ ತುಂಟತನ ಎಲ್ಲವೂ ನಮಗೆ ಹಿಡಿಸುವುದು ಹೇಗೆ? ಅನಂತ್ ನಾಗ್ ಅವರ ಅಭಿನಯ ದೊಡ್ಡದು, ನಿಜ. ಆದರೆ ಕೇಳುವವರು ಯಾರು ಎಂದೂ ನೋಡಬೇಕು. ಕೇಳುವವರು ಡಾಕ್ಟರು, ದಾರಿಯಲ್ಲಿ ಸಿಕ್ಕ ಅಪರಿಚಿತರು. ಅವರೆಲ್ಲ ಮೊದಲ ಸಲ ಕೇಳುತ್ತಿರುವವರು. ಮೊದಲ ಸಲ ಕೇಳುವವರಿಗೆ ಮರೆಗುಳಿಯ ಮಾತು ಕಾವ್ಯದ ಹಾಗಿರುತ್ತದೆ. ನಮ್ಮ ಮನೆಗೆ ಬಂದ ಗ್ಯಾಸ್ ಸಿಲಿಂಡರಿನ ಹುಡುಗನಿಗೂ ಅಮ್ಮನ ಮಾತು ಬಹಳ ಇಷ್ಟ. ಅವನನ್ನು ಅವಳು ತನ್ನ ಹಳೆಯ ವಿದ್ಯಾರ್ಥಿ ಎಂದುಕೊಂಡು ಮಗ್ಗಿ ಕೇಳುತ್ತಾಳೆ. ಸಿನಿಮಾ ಮಗನ ತಪ್ಪನ್ನು ತೋರಿಸುತ್ತದೆ, ಅವನನ್ನು ಬದಲಾಯಿಸುತ್ತದೆ. ಆದರೆ ಅವನು ಬದಲಾಗುವುದು ತಂದೆಯನ್ನು ಕಳೆದುಕೊಂಡು ಹುಡುಕುವುದರಿಂದ. ಸಿಕ್ಕ ಮೇಲಿನ ಮಂಗಳವಾರಗಳಲ್ಲಿ ಅವನು ಹೇಗಿರುತ್ತಾನೆ ಎಂಬುದು ಕಥೆಯ ಆಚೆಗಿನ ಮಾತು. ಅಪ್ಪ ಹೇಳಿದ್ದು ಇದನ್ನೇ.

ಬ್ಲೆಸ್ಸಿ ಅವರ ಮಲಯಾಳಂ ಸಿನಿಮಾ 'ತನ್ಮಾತ್ರ' (2005) ನಮ್ಮ ಮನೆಗೆ ಹೆಚ್ಚು ಹತ್ತಿರದ್ದು. ಮೋಹನ್‌ಲಾಲ್ ಮಾಡಿದ ರಮೇಶನ್ ನಾಯರ್ ಕೇರಳ ಸೆಕ್ರೆಟೇರಿಯೆಟ್ಟಿನ ನೌಕರ. ಶಾಲೆಗೆ ಹೋಗುವ ಮಕ್ಕಳಿದ್ದಾರೆ. ತನ್ನಿಂದಾಗದ ಐಎಎಸ್ ಮಗನಿಗೆ ಆಗಲಿ ಎಂಬುದು ಆಸೆ. ಅಂಥವನಿಗೆ ನಡುವಯಸ್ಸಿನಲ್ಲಿ ಮರೆವು ಬರುತ್ತದೆ. ಕಚೇರಿಯ ಕಡತ ಮನೆಯ ಫ್ರಿಜ್ಜಿನಲ್ಲಿ ಸಿಗುತ್ತದೆ. ತರಕಾರಿ ಕೊಂಡು ಕಚೇರಿಗೆ ಬಂದು ಮನೆಗೆ ಬಂದವರ ಹಾಗೆ ನಡೆದುಕೊಳ್ಳುವ ದೃಶ್ಯ ನೋಡುವಾಗ ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಕೆಲಸ ಮತ್ತು ಮನೆಯ ನಡುವಿನ ಗೋಡೆ ಒಬ್ಬ ಮನುಷ್ಯನೊಳಗೆ ಬಿದ್ದುಹೋಗುವುದನ್ನು ಇಷ್ಟು ಸರಳವಾಗಿ ತೋರಿಸಿದ ದೃಶ್ಯ ಇನ್ನೊಂದಿಲ್ಲ. ಅಮ್ಮ ಅಪ್ಪನನ್ನು ಕೆಲವೊಮ್ಮೆ 'ಸಾರ್' ಎಂದು ಕರೆದು ರಜಾ ಅರ್ಜಿ ಕೇಳುವಾಗ ನನಗೆ ಆ ದೃಶ್ಯ ನೆನಪಾಗುತ್ತದೆ.

ಆದರೆ 'ತನ್ಮಾತ್ರ' ಪ್ರತಿ ದೃಶ್ಯಕ್ಕೂ ಒಂದು ಹೊಸ ಮರೆವನ್ನು ತರುತ್ತದೆ. ಕಡತ ಫ್ರಿಜ್ಜಿನೊಳಗೆ ಹೋಗುವುದು ಒಂದೇ ಸಲ. ಮುಂದಿನದು ಅದಕ್ಕಿಂತ ದೊಡ್ಡದು, ಅದರ ಮುಂದಿನದು ಇನ್ನೂ ದೊಡ್ಡದು. ಕಾಯಿಲೆ ಮೆಟ್ಟಿಲು ಇಳಿದ ಹಾಗೆ ಇಳಿಯುತ್ತದೆ. ಮನೆಯಲ್ಲಿ ಅದು ಹಾಗಲ್ಲ. ಒಂದೇ ಮೆಟ್ಟಿಲ ಮೇಲೆ ಎಂಟು ತಿಂಗಳು ನಿಂತು, ಒಂದು ಬೆಳಿಗ್ಗೆ ನೋಡಿದರೆ ಎರಡು ಮೆಟ್ಟಿಲು ಕೆಳಗಿರುತ್ತದೆ. ಜೊತೆಗೆ ಮಗನ ಐಎಎಸ್ ಕಥೆಗೆ ಒಂದು ಗುರಿ ಕೊಡುತ್ತದೆ. ತಂದೆಯ ನೆನಪು ಹೋದರೂ ಅವನ ಕನಸು ಮಗನಲ್ಲಿ ಉಳಿಯಿತು ಎಂಬ ಸಮಾಧಾನದೊಂದಿಗೆ ನಾವು ಎದ್ದು ಬರುತ್ತೇವೆ. ಆ ಸಮಾಧಾನದ ಬೆಲೆ ಕೊಟ್ಟವಳು ಹೆಂಡತಿ ಲೇಖಾ. ಅವಳ ತಾಳ್ಮೆಯನ್ನು ಸಿನಿಮಾ ಗೌರವಿಸುತ್ತದೆ, ಅವಳ ಹಿತ್ತಲನ್ನು ತೋರಿಸುವುದಿಲ್ಲ. ನಮ್ಮ ಸಮಾಜ ಹೆಂಡತಿಯ ತಾಳ್ಮೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದೇ ಕೆಲಸ ಗಂಡಸು ಮಾಡಿದರೆ ಊರೇ ಹೊಗಳುತ್ತದೆ. ಅಪ್ಪ ಅಮ್ಮನಿಗೆ ಸೀರೆ ಉಡಿಸಲು ಕಲಿತದ್ದು ಬೀದಿಯಲ್ಲೆಲ್ಲ ಸುದ್ದಿಯಾಯಿತು. ಲೇಖಾಳಂಥವರ ಬಗ್ಗೆ ಹಾಗೆ ಸುದ್ದಿಯಾಗುವುದಿಲ್ಲ.

*

ಈ ವಿಷಯದಲ್ಲಿ ಜಗತ್ತಿನಲ್ಲೇ ಹೆಚ್ಚು ಹೆಸರಾದ ಕೃತಿ ಲೀಸಾ ಜಿನೋವಾ ಅವರ 'ಸ್ಟಿಲ್ ಆಲಿಸ್'. ನರವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಜಿನೋವಾ 2007ರಲ್ಲಿ ಇದನ್ನು ತಾವೇ ಖರ್ಚು ಹಾಕಿ ಪ್ರಕಟಿಸಿದರು. ದೊಡ್ಡ ಪ್ರಕಾಶಕರು ಕೈಗೆತ್ತಿಕೊಂಡದ್ದು ಆಮೇಲೆ. ಆಲಿಸ್ ಹೌಲೆಂಡ್ ಐವತ್ತರ ಪ್ರಾಧ್ಯಾಪಕಿ. ಅಧ್ಯಾಯಗಳಿಗೆ ತಿಂಗಳು, ಇಸವಿಯೇ ಹೆಸರು. ಆಲಿಸ್ ತನ್ನ ಫೋನಿನಲ್ಲಿ ದಿನಾ ಬೆಳಿಗ್ಗೆ ಬರುವ ಹಾಗೆ ಐದು ಪ್ರಶ್ನೆ ಇಟ್ಟುಕೊಂಡಿದ್ದಾಳೆ: ಇದು ಯಾವ ತಿಂಗಳು, ಮನೆ ಎಲ್ಲಿ, ಮಕ್ಕಳೆಷ್ಟು, ಹೀಗೆ. ಕಾದಂಬರಿಯುದ್ದಕ್ಕೂ ಅವೇ ಪ್ರಶ್ನೆಗಳು ಮರಳಿ ಬರುತ್ತವೆ, ಉತ್ತರಗಳು ತೆಳುವಾಗುತ್ತಾ ಹೋಗುತ್ತವೆ. ಪುನರಾವರ್ತನೆಯನ್ನು ಕತ್ತರಿಸಿ ಎಸೆಯದೆ ಅದನ್ನೇ ಕಥೆಯ ಅಸ್ಥಿಪಂಜರ ಮಾಡಿಕೊಂಡದ್ದು ಈ ಕಾದಂಬರಿಯ ಹೆಚ್ಚುಗಾರಿಕೆ. ನನ್ನ ಪ್ರಶ್ನೆಗೆ ಇದು ಅರ್ಧ ಉತ್ತರ ಕೊಡುತ್ತದೆ. ಅರ್ಧ ಏಕೆಂದರೆ ಇಲ್ಲಿ ಕೇಳುವವಳೂ ಆಲಿಸ್, ಉತ್ತರಿಸುವವಳೂ ಆಲಿಸ್. ಯಂತ್ರಕ್ಕೆ ದಣಿವಿಲ್ಲ. ಕಥೆ ಅವಳ ತಲೆಯೊಳಗಿಂದಲೇ ಸಾಗುವುದರಿಂದ, ಅವಳಿಗೆ ಕಾಣದ್ದು ನಮಗೂ ಕಾಣುವುದಿಲ್ಲ. ಪಾತ್ರೆ ತೊಳೆದವರು ಯಾರು, ರಾತ್ರಿ ಬಾಗಿಲಿಗೆ ಬೀಗ ಹಾಕಿದವರು ಯಾರು ಎಂಬುದು ಅವಳ ಅರಿವಿನ ಆಚೆಗಿದೆ.

ಇದನ್ನು 2014ರಲ್ಲಿ ಸಿನಿಮಾ ಮಾಡಿದವರು ರಿಚರ್ಡ್ ಗ್ಲಾಟ್ಝರ್ ಮತ್ತು ವಾಷ್ ವೆಸ್ಟ್‌ಮೋರ್‌ಲೆಂಡ್ ದಂಪತಿ. ಗ್ಲಾಟ್ಝರ್ ಆಗಲೇ ಎಎಲ್ಎಸ್ ಎಂಬ ನರರೋಗಕ್ಕೆ ತುತ್ತಾಗಿ ಮಾತು ಕಳೆದುಕೊಂಡಿದ್ದರು. ಐಪ್ಯಾಡಿನಲ್ಲಿ ಟೈಪು ಮಾಡಿ ನಿರ್ದೇಶಿಸಿದರು. ಜೂಲಿಯನ್ ಮೂರ್ ಅವರಿಗೆ ಆಸ್ಕರ್ ಬಂದ ಕೆಲವೇ ವಾರಗಳಲ್ಲಿ, 2015ರ ಮಾರ್ಚಿನಲ್ಲಿ, ತೀರಿಕೊಂಡರು. ಅಂದರೆ ಆರೈಕೆ ಮಾಡುವ, ಮಾಡಿಸಿಕೊಳ್ಳುವ ದಿನಚರಿಯನ್ನು ಮೈಯಲ್ಲೇ ಬಲ್ಲವರು ಮಾಡಿದ ಸಿನಿಮಾ ಇದು. ಆಲಿಸ್ ತನ್ನದೇ ಮನೆಯಲ್ಲಿ ಬಚ್ಚಲ ಬಾಗಿಲು ಸಿಗದೆ ಒದ್ದಾಡಿ ಬಟ್ಟೆ ಒದ್ದೆ ಮಾಡಿಕೊಳ್ಳುವ ದೃಶ್ಯದಲ್ಲಿ ಆ ಅರಿವು ಕಾಣುತ್ತದೆ. ಯಾವ ಸಂಗೀತದ ಅಬ್ಬರವೂ ಇಲ್ಲದೆ ನಡೆದುಹೋಗುತ್ತದೆ ಅದು. ಅಷ್ಟಾದರೂ ಅದು ನಡೆಯುವುದು ಒಂದು ಸಲ.

ನನಗೆ ಹೆಚ್ಚು ತೊಡಕಾದದ್ದು ಆ ಸಿನಿಮಾದ ಕೊನೆ. ಗಂಡ ಬೇರೆ ಊರಿನ ಒಳ್ಳೆಯ ಕೆಲಸಕ್ಕೆ ಹೊರಡುತ್ತಾನೆ. ಲಾಸ್ ಏಂಜಲಿಸ್‌ನಲ್ಲಿ ನಟಿಯಾಗಲು ಹೆಣಗುತ್ತಿದ್ದ ಕಿರಿಯ ಮಗಳು ಲಿಡಿಯಾ ವಾಪಸು ಬಂದು ತಾಯಿಯ ಜೊತೆ ನಿಲ್ಲುತ್ತಾಳೆ. ನಾಟಕದ ಒಂದು ಭಾಗವನ್ನು ಅವಳಿಗೆ ಓದಿ ಹೇಳುತ್ತಾಳೆ. ತಾಯಿಗೆ ಅರ್ಥವಾದದ್ದು ಪ್ರೀತಿ ಎಂಬ ಒಂದು ಪದ. ಸಿನಿಮಾ ಅಲ್ಲಿಗೆ ಮುಗಿಯುತ್ತದೆ, ಚಿತ್ರಮಂದಿರ ಅಳುತ್ತದೆ. ನಾನೂ ಅತ್ತೆ. ಆದರೆ ಮರುದಿನ ಬೆಳಿಗ್ಗೆ ಸೋದರತ್ತೆ ಫೋನು ಮಾಡಿ, "ಪಿಎಚ್‌.ಡಿ. ಎಲ್ಲಿಗೂ ಓಡಿಹೋಗಲ್ಲ ಕಣೇ, ನಿಮ್ಮಪ್ಪ ಗಂಡಸು, ಎಷ್ಟು ದಿನ ಅಂತ ಮಾಡ್ತಾರೆ" ಎಂದಾಗ ಆ ಕೊನೆ ಬೇರೆಯಾಗಿ ಕಂಡಿತು. ಲಿಡಿಯಾ ಬಿಟ್ಟುಬಂದ ಊರು, ಬಿಟ್ಟುಬಂದ ರಂಗಭೂಮಿ ಪ್ರೀತಿ ಎಂಬ ಆ ಪದದೊಳಗೆ ಸದ್ದಿಲ್ಲದೆ ಕರಗಿಹೋಗಿವೆ. ಮೂವರು ಮಕ್ಕಳಲ್ಲಿ ಬಂದವಳು ಸ್ಥಿರ ಸಂಬಳವಿಲ್ಲದ ಮಗಳು. ಇದು ಸುಳ್ಳಲ್ಲ, ಲೋಕದಲ್ಲಿ ಹೀಗೇ ನಡೆಯುತ್ತದೆ. ಸಿನಿಮಾ ಅದನ್ನು ಕಂಡಿದೆ, ಆದರೆ ಕಂಡದ್ದನ್ನು ಒಂದು ಪ್ರಶ್ನೆಯಾಗಿ ಉಳಿಸದೆ ಸಮಾಧಾನವಾಗಿ ಮುಗಿಸಿದೆ.

ಇನ್ನೊಂದು ಕಾರಣಕ್ಕೂ ಲಿಡಿಯಾ ನನ್ನನ್ನು ಬಿಡುವುದಿಲ್ಲ. ಆಲಿಸ್‌ಗೆ ಬಂದದ್ದು ವಂಶವಾಹಿಯ ಮೂಲಕ ಹರಿಯುವ ಆಲ್ಝೈಮರ್. ಮಕ್ಕಳಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ಉಳಿದಿಬ್ಬರು ಪರೀಕ್ಷೆ ಮಾಡಿಸಿಕೊಳ್ಳುತ್ತಾರೆ, ಲಿಡಿಯಾ ಬೇಡ ಎನ್ನುತ್ತಾಳೆ. ಬೇಗ ಬರುವ ಆಲ್ಝೈಮರ್‌ನಲ್ಲಿ ಹೀಗೆ ನೇರವಾಗಿ ಒಂದು ವಂಶವಾಹಿಯಿಂದ ಬರುವುದು ಸಣ್ಣ ಪಾಲು ಮಾತ್ರ. ಅಮ್ಮನ ಕಡೆ ಯಾರಿಗೂ ಇರಲಿಲ್ಲವಾದ್ದರಿಂದ ನನಗೆ ಪರೀಕ್ಷೆ ಬೇಕಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಆದರೂ ಸೆಮಿನಾರಿನಲ್ಲಿ ಮಾತಾಡುವಾಗ ಒಬ್ಬ ಲೇಖಕರ ಹೆಸರು ಬಾಯಿಗೆ ಬರದೆ ನಿಂತರೆ ಬೆನ್ನಲ್ಲಿ ಬೆವರೊಡೆಯುತ್ತದೆ. ಗಂಡಿನ ಕಡೆಯವರು ಬಂದಾಗ ಅಮ್ಮನಿಗೆ ಥೈರಾಯ್ಡ್ ಎಂದು ಹೇಳಬೇಕೆಂದು ದೊಡ್ಡಮ್ಮ ಕಲಿಸಿಕೊಟ್ಟಿದ್ದಾರೆ. ಬೇಗ ಬರುವ ಮರೆವು ಮನೆಯವರಿಗೆ ಹೀಗೆ ಸುಳ್ಳನ್ನೂ ಕಲಿಸುತ್ತದೆ.

*

ಇವೆಲ್ಲ ಹೊರಗಿನವರು ಕಟ್ಟಿದ ಕಥೆಗಳು. ಕಾಯಿಲೆ ಬಂದವರೇ ಬರೆದ ಪುಸ್ತಕಗಳ ರೀತಿ ಬೇರೆ. ಅಮೆರಿಕದ ವರ್ಜೀನಿಯಾದಲ್ಲಿ ಮೂಲಿಕೆ, ಸೊಪ್ಪಿನ ಸಸಿಗಳ ನರ್ಸರಿ ಇಟ್ಟಿದ್ದ ಥಾಮಸ್ ಡಿಬ್ಯಾಜಿಯೊ ಅವರಿಗೆ 1999ರಲ್ಲಿ, ಐವತ್ತೇಳನೆಯ ವಯಸ್ಸಿಗೆ ಆಲ್ಝೈಮರ್ ಎಂದು ತಿಳಿಯಿತು. 2002ರಲ್ಲಿ ಬಂದ ಅವರ 'ಲೂಸಿಂಗ್ ಮೈ ಮೈಂಡ್' ಮೂರು ಎಳೆಗಳಲ್ಲಿ ಸಾಗುತ್ತದೆ: ಬಾಲ್ಯದ ನೆನಪು, ಈ ಹೊತ್ತಿನ ದಿನಚರಿ, ಕಾಯಿಲೆಯ ವಿಜ್ಞಾನ. ಒಂದು ಎಳೆ ಮುಗಿಯುವ ಮುನ್ನ ಇನ್ನೊಂದು ನುಗ್ಗುತ್ತದೆ. ಅದೇ ಭಯ ಮತ್ತೆ ಮತ್ತೆ ಬರುತ್ತದೆ. ಮೊದಲ ಓದಿಗೆ ಇದು ಸಂಪಾದಕರು ಸರಿಪಡಿಸಬೇಕಿದ್ದ ದೋಷ ಎನಿಸಿತ್ತು. ಈಗ ಅದೇ ಅದರ ಸತ್ಯ ಎನಿಸುತ್ತದೆ.

ಇಂಗ್ಲೆಂಡಿನ ವೆಂಡಿ ಮಿಚೆಲ್ ಆರೋಗ್ಯ ಸೇವೆಯ ನೌಕರೆಯಾಗಿದ್ದರು. 2014ರಲ್ಲಿ, ಐವತ್ತೆಂಟಕ್ಕೆ ಕಾಯಿಲೆ ಪತ್ತೆಯಾಯಿತು. 'ಸಮ್‌ಬಡಿ ಐ ಯೂಸ್ಡ್ ಟು ನೋ' (2018) ಪುಸ್ತಕದಲ್ಲಿ ಅವರು ತಮ್ಮ ಹಳೆಯ 'ನಾನು'ವನ್ನು 'ನೀನು' ಎಂದು ಕರೆದು ಮಾತಾಡುತ್ತಾರೆ. ಒಬ್ಬರೇ ಇದ್ದವರು, ಮಾತ್ರೆ, ಊಟ, ಬಸ್ಸು ಎಲ್ಲಕ್ಕೂ ಐಪ್ಯಾಡಿನ ಅಲಾರಾಂ. ಮರೆವನ್ನು ದುರಂತವಾಗಿ ಅಲ್ಲ, ದಿನಾ ಬಗೆಹರಿಸಬೇಕಾದ ಮನೆಗೆಲಸವಾಗಿ ನೋಡುವ ಬರವಣಿಗೆ ಅದು. ಅವರ ಪುಸ್ತಕ ಓದಿದ ಮೇಲೆ ನಾನು ಅಮ್ಮನ ಅಡುಗೆಮನೆಯ ಡಬ್ಬಿಗಳಿಗೆ ಚೀಟಿ ಅಂಟಿಸಿದೆ: ತೊಗರಿಬೇಳೆ, ಸಕ್ಕರೆ, ಉಪ್ಪು. ಅಮ್ಮ ಒಂದೊಂದನ್ನೂ ಓದಿ, ಕೆಂಪು ಪೆನ್ನಿನಲ್ಲಿ ರೈಟ್ ಹಾಕಿ, ಕೊನೆಗೆ ಹತ್ತಕ್ಕೆ ಒಂಬತ್ತು ಅಂಕ ಕೊಟ್ಟಳು. ತೊಗರಿಬೇಳೆಯ 'ಳೆ' ಸರಿ ಬರೆದಿರಲಿಲ್ಲವಂತೆ. ನಾವು ಮೂವರೂ ಬಹಳ ಹೊತ್ತು ನಕ್ಕೆವು. ಬೇಗ ಬಂದ ಆಲ್ಝೈಮರ್ ಮನೆಯಲ್ಲಿ ನಗುವೂ ಇದೆ ಎಂಬುದನ್ನು ನಮ್ಮ ಸಿನಿಮಾಗಳು ಅಪರಿಚಿತರಿಗಷ್ಟೇ ಬಿಟ್ಟುಕೊಟ್ಟಿವೆ.

ಪುನರಾವರ್ತನೆಯನ್ನು ಇಟ್ಟುಕೊಂಡು ಕಥೆ ಕಟ್ಟಲಾಗದು, ನೋಡುವವರಿಗೆ ಬೇಸರವಾಗುತ್ತದೆ ಎನ್ನಬಹುದು. ಫ್ಲೋರಿಯನ್ ಝೆಲ್ಲರ್ ಅವರ 'ದ ಫಾದರ್' (2020) ಅದಕ್ಕೊಂದು ಉತ್ತರ. ಅಲ್ಲಿನ ತಂದೆ ಎಂಬತ್ತು ದಾಟಿದವನು, ನಿಜ. ಆದರೆ ಅದೇ ಊಟದ ಮೇಜು, ಅದೇ ಮಾತು ಮರಳಿ ಬರುತ್ತವೆ; ಪ್ರತಿ ಸಲ ಗೋಡೆ, ಪೀಠೋಪಕರಣ, ಮಗಳ ಮುಖ ತುಸು ಬದಲಾಗಿರುತ್ತವೆ. ಬೇಸರ ನಿಧಾನವಾಗಿ ಭಯವಾಗುತ್ತದೆ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಒಂದೇ ಪ್ರಶ್ನೆ ಹತ್ತು ಸಲ ಬರುವ ಕಥೆಯನ್ನು ನಾವೆಲ್ಲ ಕೇಳಿಯೇ ಬೆಳೆದವರು. ಅಮ್ಮ ಒಂದನೇ ತರಗತಿಗೆ ವರ್ಷಾ ವರ್ಷ ಹೇಳುತ್ತಿದ್ದ ಕಾಗಕ್ಕ ಗುಬ್ಬಕ್ಕನ ಕಥೆ. ಮಳೆಗೆ ಮನೆ ಕಳೆದುಕೊಂಡ ಕಾಗೆ ಬಂದು ಗುಬ್ಬಿಯ ಬಾಗಿಲು ತಟ್ಟುತ್ತದೆ. ಗುಬ್ಬಿ ಒಳಗಿನಿಂದಲೇ ಒಂದೊಂದು ಮನೆಗೆಲಸದ ನೆವ ಹೇಳಿ ತಡೆಯುತ್ತದೆ. ಕಾಗೆಯ ಮಾತು ಬದಲಾಗುವುದಿಲ್ಲ, ಗುಬ್ಬಿಯ ಉತ್ತರ ಪ್ರತಿ ಸಲ ಬೇರೆ. ಕೇಳುವ ಮಕ್ಕಳಿಗೆ ಬೇಸರವಿಲ್ಲ; ಮುಂದಿನ ನೆವ ಯಾವುದು ಎಂದೇ ಕಾದಿರುತ್ತವೆ. ಜನಪದ ಕಥೆಗೆ ಗೊತ್ತಿದ್ದ ಈ ಕಸುಬನ್ನು ನಮ್ಮ ಹೊಸ ಕಥನ ಮರೆವಿನ ವಿಷಯಕ್ಕೆ ಬಳಸಿಕೊಳ್ಳಬಹುದಿತ್ತು.

ಹಾಲು ಕಾಯಲಿ, ಬಟ್ಟೆ ಮಡಚಲಿ, ಮಳೆ ನಿಲ್ಲಲಿ ಎಂದು ಅಪ್ಪ ಹೇಳುವುದನ್ನು ಕೇಳುತ್ತಾ ಕೂತಿದ್ದಾಗ ಒಂದು ಸಂಜೆ ನನಗೆ ಈ ಕಥೆ ನೆನಪಾಯಿತು. ಮೊದಲು ಖುಷಿಯಾಯಿತು, ಪ್ರಬಂಧಕ್ಕೆ ಒಳ್ಳೆಯ ಹೋಲಿಕೆ ಸಿಕ್ಕಿತೆಂದು. ಆಮೇಲೆ ಹೊಳೆಯಿತು: ಆ ಕಥೆಯಲ್ಲಿ ಗುಬ್ಬಿಯ ಎಲ್ಲ ಉತ್ತರಗಳೂ ಬಾಗಿಲು ತೆ­ಗೆಯದಿರಲು ಹೇಳಿದವು. ಕಾಗೆ ಹೊರಗೆ ನೆನೆಯುತ್ತಲೇ ಇರುತ್ತದೆ. ಅಪ್ಪನ ಅಕ್ಕರೆಯ ಉತ್ತರಗಳೂ ಅಷ್ಟೇ. ಅಮ್ಮ ಕೇಳುವ ಮನೆಗೆ ಕರೆದೊಯ್ಯುವುದು ಅವರಿಂದಾಗದು. ಅದು ಅವಳ ತವರೋ, ಮೂವತ್ತು ವರ್ಷದ ಹಿಂದಿನ ಬಾಡಿಗೆ ಮನೆಯೋ ಅವಳಿಗೂ ಹೇಳಲು ಬರುವುದಿಲ್ಲ. ಒಳಗಿರುವವರಿಗೆ ಕೆಟ್ಟತನವಿಲ್ಲ, ಬಾಗಿಲೂ ತೆರೆಯುವುದಿಲ್ಲ. ಹಿತ್ತಲಿನಲ್ಲಿ ಅಪ್ಪ ನಿಂತು ಯೋಚಿಸುವುದು ಇದನ್ನೇ ಇರಬೇಕು. ಇಂಥದ್ದನ್ನು ಹೇಳಬಲ್ಲ ಕೃತಿಗಾಗಿ ನಾನು ಕಾಯುತ್ತಿದ್ದೇನೆ. ಅದರಲ್ಲಿ ಯಾರೂ ಕಾಣೆಯಾಗಬೇಕಿಲ್ಲ, ಯಾರೂ ಐಎಎಸ್ ಪಾಸಾಗಬೇಕಿಲ್ಲ.

ಇದನ್ನು ಬರೆಯುವ ಮುನ್ನ ಅಪ್ಪನನ್ನು ಕೇಳಿದೆ. "ಬರಿ. ಆದರೆ ಅವಳನ್ನ ಕೇಳಿ ಬರಿ" ಎಂದರು. ಅಮ್ಮನ ಹತ್ತಿರ ಕೂತು, ನಿನ್ನ ಬಗ್ಗೆ ಬರೀಲಾ ಅಮ್ಮ ಎಂದೆ. "ತಪ್ಪಿಲ್ಲದೆ ಬರಿ" ಎಂದಳು. ಅವಳು ಅಂದದ್ದು ಕಾಗುಣಿತದ ಬಗ್ಗೆ. ಅದನ್ನು ಒಪ್ಪಿಗೆ ಎಂದುಕೊಳ್ಳಬಹುದೋ ಇಲ್ಲವೋ ಎಂದು ಯೋಚಿಸುತ್ತಾ ಆ ವಾರವಿಡೀ ದಿನಾ ಕೇಳಿದೆ. ಪ್ರತಿ ದಿನವೂ ಅವಳಿಗೆ ಅದು ಹೊಸ ಪ್ರಶ್ನೆ. ಎರಡು ದಿನ ತಲೆಯಾಡಿಸಿದಳು, ಒಂದು ದಿನ ಬೇಡ ಎಂದಳು, ಒಂದು ದಿನ ನೀನು ಯಾರ ಮಗಳಮ್ಮ ಎಂದು ಕೇಳಿದಳು. ಬೇಡ ಎಂದ ದಿನದ ಮಾತನ್ನೂ ಇಲ್ಲಿ ಸೇರಿಸಿದ್ದೇನೆ.